ಗಾಂಜಾ ಸೇದಿದವನ ಕೈಗೆ ಗಾಡಿ ಹೋಗದಂತೆ ನೋಡಿಕೊಳ್ಳುವುದು ಹೇಗೆ: ಲಾರಿ, ಟ್ರ್ಯಾಕ್ಟರ್, ಶಾಲೆ ಬಸ್ ಮಾಲೀಕರಿಗೆ

ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಮುಧೋಳ, ಜಮಖಂಡಿ, ಅಥಣಿ, ಚಿಕ್ಕೋಡಿ ಭಾಗದ ರಸ್ತೆಗಳಲ್ಲಿ ಹಗಲು ರಾತ್ರಿ ಎರಡೆರಡು ಡಬ್ಬಿ (ಟ್ರೇಲರ್) ಕಟ್ಟಿದ ಟ್ರ್ಯಾಕ್ಟರ್‌ಗಳು ಓಡುತ್ತವೆ. ಅದೇ ರಸ್ತೆಯಲ್ಲಿ ಶಾಲೆ ವ್ಯಾನು, ಕ್ರೂಸರ್, ಸೈಕಲ್ ಮೋಟರ್ ಎಲ್ಲವೂ ಬರಬೇಕು. ಡ್ರೈವರ್ ಕುಡಿದಿದ್ದಾನೋ ಇಲ್ಲವೋ ಎಂದು ನೋಡುವ ರೂಢಿ ಹಲವು ಮಾಲೀಕರಿಗೆ ಬಂದಿದೆ. ಬಾಯಿ ವಾಸನೆ ನೋಡುತ್ತಾರೆ, ಕೆಲವರು ಊದಿಸುವ ಯಂತ್ರವನ್ನೇ ತಂದಿಟ್ಟಿದ್ದಾರೆ. ಆದರೆ ಚಿಲುಮೆ ಎಳೆದು ಬಂದವನು ಊದಿದರೆ ಆ ಯಂತ್ರ ಸೊನ್ನೆ ತೋರಿಸುತ್ತದೆ. ಅದು ಅಳೆಯುವುದು ಆಲ್ಕೋಹಾಲ್ ಒಂದನ್ನೇ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಒಂದೆರಡರಿಂದ ಹತ್ತು ಹದಿನೈದು ಗಾಡಿ ಇಟ್ಟುಕೊಂಡವರಿಗೆ, ಶಾಲೆ ಬಸ್ಸಿನ ಉಸ್ತುವಾರಿ ಇರುವವರಿಗೆ, ಕಬ್ಬಿನ ಗ್ಯಾಂಗಿನ ಮುಕಾದಮರಿಗೆ ಈ ಬರಹ.

"ಹೊರದೇಶದಾಗ ಗಾಂಜಾ ಓಪನ್ ಆಗೇತಿ, ನಮ್ಮಲ್ಲೂ ಇವತ್ತಲ್ಲ ನಾಳೆ ಆಗತೈತಿ" ಎನ್ನುವ ಮಾತು ಧಾಬಾಗಳಲ್ಲಿ ಕೇಳಿಬರುತ್ತದೆ. ಆಗಲಿ, ಬಿಡಲಿ. ಕಾನೂನು ಸಡಿಲಿಸಿದ ದೇಶಗಳಲ್ಲೂ ನಶೆಯಲ್ಲಿ ಗಾಡಿ ಓಡಿಸುವುದು ಅಪರಾಧವೇ. ಆ ದೇಶಗಳಿಂದ ಗಾಡಿ ಮಾಲೀಕರು ಕಲಿಯಬೇಕಾದದ್ದು ಒಂದಿದೆ: ರಕ್ತದಲ್ಲಿ ಎಷ್ಟು ಅಂಶವಿದೆ ಎಂಬ ಅಂಕಿಯನ್ನು ನೆಚ್ಚಿಕೊಂಡು ಕೂರಬಾರದು. ಸೇದಿ ಎಷ್ಟು ತಾಸಾಯಿತು, ಈಗ ಕೈಕಾಲು ಹಿಡಿತದಲ್ಲಿವೆಯೇ ಎಂಬ ಎರಡೇ ಪ್ರಶ್ನೆ ಕೆಲಸಕ್ಕೆ ಬರುತ್ತವೆ.

ನಮ್ಮ ಕಾನೂನು ಇರುವುದು ಹೀಗೆ

1985ರ ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆಯ ಪ್ರಕಾರ ಗಿಡದ ಹೂವು ಅಥವಾ ಕಾಯಿ ಕಟ್ಟಿದ ತುದಿಯೇ ಗಾಂಜಾ. 1 ಕಿಲೊ ತನಕ ಸಣ್ಣ ಪ್ರಮಾಣ. 1 ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 20 ಕಿಲೊ ಮೀರಿದರೆ ವಾಣಿಜ್ಯ ಪ್ರಮಾಣ. ಕನಿಷ್ಠ 10 ವರ್ಷ ಜೈಲು, ಕನಿಷ್ಠ 1 ಲಕ್ಷ ದಂಡ. ಬರೀ ಸೇದಿದ್ದಕ್ಕೆ ಕಲಂ 27ರಡಿ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 2020ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಾದಕ ವಸ್ತು ಆಯೋಗವು ಗಾಂಜಾವನ್ನು 1961ರ ಒಪ್ಪಂದದ ಅತಿ ಕಠಿಣ ಪಟ್ಟಿಯಿಂದ ತೆಗೆದಾಗ ಭಾರತ ಪರವಾಗಿ ಮತ ಹಾಕಿದ್ದು ನಿಜ. ಅದರಿಂದ ನಮ್ಮ ಕಾಯ್ದೆಯ ಒಂದಕ್ಷರವೂ ಬದಲಾಗಿಲ್ಲ.

ಬೀಜ, ತುದಿ ಸೇರದ ಬರೀ ಎಲೆ (ಭಂಗಿ ಮಾಡುವುದು ಇದರಿಂದ) ಈ ವ್ಯಾಖ್ಯೆಯ ಹೊರಗಿವೆ. ಹಾಗಾಗಿ "ಭಂಗಿಗೆ ಕೇಸ್ ಇಲ್ಲ, ಕುಡಿದು ಗಾಡಿ ಹೊಡೆದರೇನು" ಎಂದು ವಾದಿಸುವವರು ಸಿಗುತ್ತಾರೆ. ಅವರಿಗೆ ತೋರಿಸಬೇಕಾದದ್ದು ಮೋಟಾರು ವಾಹನ ಕಾಯ್ದೆ, 1988ರ ಕಲಂ 185. ಯಾವುದೇ ಮಾದಕದ ಪ್ರಭಾವದಿಂದ ಗಾಡಿಯನ್ನು ಸರಿಯಾಗಿ ಹಿಡಿತದಲ್ಲಿ ಇಟ್ಟುಕೊಳ್ಳಲಾಗದ ಸ್ಥಿತಿಯಲ್ಲಿ ಓಡಿಸಿದರೆ ಮೊದಲ ಸಲ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಎರಡನೇ ಸಲ 2 ವರ್ಷದವರೆಗೆ ಜೈಲು ಅಥವಾ 15,000 ರೂಪಾಯಿ ದಂಡ. ಎರಡನ್ನೂ ಒಟ್ಟಿಗೆ ವಿಧಿಸಬಹುದು. ಮದ್ಯಕ್ಕೆ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ಎಂಬ ಗೆರೆ ಇದೆ. ಗಾಂಜಾಕ್ಕೆ ಅಂಥ ಅಂಕಿಯ ಗೆರೆ ಈ ಕಲಂನಲ್ಲಿಲ್ಲ, ಸ್ಥಿತಿಯೇ ಗೆರೆ. ಕಲಂ 188 ಮಾಲೀಕರಿಗೆ ಸಂಬಂಧಿಸಿದ್ದು: ಇಂಥ ಓಡಾಟಕ್ಕೆ ಕುಮ್ಮಕ್ಕು ಕೊಟ್ಟವರಿಗೂ ಅದೇ ಶಿಕ್ಷೆ. "ಲೋಡ್ ಅರ್ಜೆಂಟ್ ಐತಿ, ಹೆಂಗರ ಮಾಡಿ ಹೋಗು" ಎಂದು ಕಳಿಸಿದ ಮಾಲೀಕ ಈ ಕಲಂ ಓದಿಕೊಳ್ಳಬೇಕು.

ಸಡಿಲಿಸಿದ ಕಡೆ ರಸ್ತೆಯಲ್ಲಿ ಆದದ್ದು

ಅಮೆರಿಕದ ಕೊಲೊರಾಡೊದಲ್ಲಿ 2014ರ ಜನವರಿ 1ರಿಂದ ಗಾಂಜಾ ಅಂಗಡಿಗಳಲ್ಲಿ ಸಿಗತೊಡಗಿತು. ಕೆನಡಾ 2018ರ ಅಕ್ಟೋಬರ್ 17ರಂದು, ಜರ್ಮನಿ 2024ರ ಏಪ್ರಿಲ್ 1ರಂದು ಕಾನೂನು ಸಡಿಲಿಸಿದವು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಅಪಘಾತದಲ್ಲಿ ಗಾಯಗೊಂಡು ಆಸ್ಪತ್ರೆಗೆ ಬಂದ ಚಾಲಕರ ರಕ್ತ ಪರೀಕ್ಷಿಸಿದಾಗ, ಒಂದು ಮಿಲಿ ರಕ್ತದಲ್ಲಿ 2 ನ್ಯಾನೊಗ್ರಾಂ ಅಥವಾ ಹೆಚ್ಚು ಟಿಎಚ್‌ಸಿ (ನಶೆ ತರುವ ಅಂಶ) ಇದ್ದವರು ಮೊದಲು ನೂರಕ್ಕೆ 3.8, ನಂತರ 8.6. ಅಮೆರಿಕದ ಐದು ರಾಜ್ಯಗಳ ಲೆಕ್ಕದಲ್ಲಿ ಸಡಿಲಿಕೆ ಮತ್ತು ಅಂಗಡಿ ಮಾರಾಟ ಶುರುವಾದ ಮೇಲೆ ಗಾಯವಾದ ಅಪಘಾತಗಳು ಸುಮಾರು ನೂರಕ್ಕೆ 6ರಷ್ಟು ಏರಿದವು. ಇನ್ನೊಂದು ಕಡೆ, ಅಮೆರಿಕದ ಸರ್ಕಾರವೇ ವರ್ಜೀನಿಯಾ ಬೀಚಿನಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಯಸ್ಸು, ಲಿಂಗ ಮುಂತಾದವನ್ನು ಲೆಕ್ಕಕ್ಕೆ ಹಿಡಿದಾಗ ಗಾಂಜಾದ ಅಂಶ ಇದ್ದವರಿಗೆ ಅಪಘಾತದ ಸಾಧ್ಯತೆ ಎದ್ದು ಕಾಣುವಷ್ಟು ಹೆಚ್ಚಿರಲಿಲ್ಲ.

ಎರಡೂ ನಿಜವಾಗಲು ಕಾರಣವಿದೆ. ರಕ್ತದಲ್ಲಿ ಅಂಶ ಇರುವುದು ಬೇರೆ, ಈಗ ನಶೆ ಇರುವುದು ಬೇರೆ. ಸೇದಿದ ಮೊದಲ ಹತ್ತು ನಿಮಿಷದಲ್ಲೇ ಟಿಎಚ್‌ಸಿ ರಕ್ತದಲ್ಲಿ ತುದಿ ಮುಟ್ಟಿ, ಎರಡು ಮೂರು ತಾಸಿನಲ್ಲಿ ಪಾತಾಳಕ್ಕಿಳಿಯುತ್ತದೆ. ಆಗಲೂ ತಲೆಯಲ್ಲಿ ನಶೆ ಉಳಿದಿರುತ್ತದೆ. ದಿನಾ ಸೇದುವವನ ರಕ್ತದಲ್ಲಾದರೋ ಸೇದದ ದಿನವೂ ಸ್ವಲ್ಪ ಅಂಶ ಕಾಣಬಹುದು, ಏಕೆಂದರೆ ಅದು ಮೈಯ ಕೊಬ್ಬಿನಲ್ಲಿ ಸೇರಿ ನಿಧಾನವಾಗಿ ಬಿಡುಗಡೆಯಾಗುತ್ತದೆ. ಅದಕ್ಕೇ ಕೆನಡಾ 2 ಮತ್ತು 5 ನ್ಯಾನೊಗ್ರಾಂ ಎಂದು ಎರಡು ಗೆರೆ ಎಳೆದಿದೆ, ವಾಷಿಂಗ್ಟನ್ ರಾಜ್ಯ 5 ಎಂದಿದೆ, ಜರ್ಮನಿ ರಕ್ತದ ಸೀರಂನಲ್ಲಿ 3.5 ಎಂದಿದೆ. ಒಂದೊಂದು ಕಡೆ ಒಂದೊಂದು ಅಂಕಿ. ನಾಳೆ ನಮ್ಮಲ್ಲಿ ಯಾವ ಅಂಕಿ ಬಂದರೂ ಮಾಲೀಕನ ಅಂಗಳದಲ್ಲಿ ಅದನ್ನು ಅಳೆಯುವ ದಾರಿಯಿಲ್ಲ.

ತಾಸಿನ ಲೆಕ್ಕ

ಸೇದಿದರೆ ನಶೆ ನಿಮಿಷಗಳಲ್ಲಿ ಏರುತ್ತದೆ, 3ರಿಂದ 6 ತಾಸು ಇರುತ್ತದೆ. ತಿಂದರೆ, ಕುಡಿದರೆ ಲೆಕ್ಕವೇ ಬೇರೆ: ಭಂಗಿ ಲಸ್ಸಿ, ತಂಡಾಯಿ, ಉಂಡೆ ಹೊಟ್ಟೆಗೆ ಹೋಗಿ ಅರ್ಧ ತಾಸಿನಿಂದ 2 ತಾಸಿನ ತನಕ ಏನೂ ಆಗುವುದಿಲ್ಲ, ಆಮೇಲೆ ಏರಿ 8 ತಾಸು, ಕೆಲವರಿಗೆ 12 ತಾಸು ಹಿಡಿದಿರುತ್ತದೆ. ಹೋಳಿ, ಶಿವರಾತ್ರಿಯ ದಿನಗಳಲ್ಲಿ ಅನಾಹುತ ಆಗುವುದು ಈ ನಡುವಿನ ಹೊತ್ತಿನಲ್ಲಿ. ವಿಜಯಪುರದಲ್ಲಿ ಒಂದು ಲೋಟ ಕುಡಿದವನು "ಏನೂ ಹತ್ತಿಲ್ಲ" ಎಂದು ಇನ್ನೊಂದು ಲೋಟ ಏರಿಸಿ ಗಾಡಿ ಹತ್ತುತ್ತಾನೆ. ಕೊಲ್ಹಾರದ ಸೇತುವೆ ದಾಟಿ ಗದ್ದನಕೇರಿ ಕ್ರಾಸ್ ಸಮೀಪಿಸುವಷ್ಟರಲ್ಲಿ ಎರಡೂ ಲೋಟ ಒಟ್ಟಿಗೆ ಹತ್ತುತ್ತವೆ.

ಮಜ್ಜಿಗೆ, ಲಿಂಬು ರಸ, ಉಪ್ಪಿನಕಾಯಿ, ತಣ್ಣೀರು ಸ್ನಾನ, ಕಡಕ್ ಚಹಾ ಯಾವುದೂ ನಶೆ ಇಳಿಸುವುದಿಲ್ಲ. ಹೊತ್ತು ಕಳೆಯಬೇಕು, ಅಷ್ಟೇ. ಕೆನಡಾದ ಸಾರ್ವಜನಿಕ ಸಲಹೆ ಸೇದಿದ ಮೇಲೆ ಕನಿಷ್ಠ 6 ತಾಸು ಗಾಡಿ ಮುಟ್ಟಬೇಡಿ ಎನ್ನುತ್ತದೆ. ಅದು ಸ್ವಂತ ಕಾರಿನವರಿಗೆ ಹೇಳಿದ ಮಾತು. ಲೋಡ್ ಲಾರಿ, ಕಬ್ಬಿನ ಟ್ರ್ಯಾಕ್ಟರ್, ಮಕ್ಕಳ ಬಸ್ ಓಡಿಸುವವರಿಗೆ ನಮ್ಮ ಸಲಹೆ 24 ತಾಸು, ಸೇದಲಿ ತಿನ್ನಲಿ. ನೆನಪಿಡಲು ಸುಲಭ, ವಾದಕ್ಕೆ ಎಡೆಯಿಲ್ಲ.

"ಸೇದಿದರೆ ನಿಧಾನ ಹೊಡಿತೀನ್ರೀ, ಕುಡಿದವರಂಗ ಹಾರಸೂದಿಲ್ಲ" ಎಂದು ಡ್ರೈವರುಗಳು ಹೇಳುವುದು ಸುಳ್ಳಲ್ಲ. ಪ್ರಯೋಗಗಳಲ್ಲೂ ಗಾಂಜಾ ಸೇದಿದವರು ವೇಗ ಇಳಿಸಿ, ಮುಂದಿನ ಗಾಡಿಯಿಂದ ದೂರ ಕಾಯ್ದುಕೊಳ್ಳುವುದು ಕಂಡಿದೆ. ಅದರ ಜೊತೆಗೇ ಅವರ ಗಾಡಿ ಲೇನಿನೊಳಗೆ ಆಚೀಚೆ ತೇಲುತ್ತದೆ, ಎರಡು ಕಡೆ ಒಟ್ಟಿಗೆ ಗಮನ ಕೊಡಲಾಗುವುದಿಲ್ಲ, ದಿಢೀರನೆ ಎದುರಾದದ್ದಕ್ಕೆ ಕಾಲು ತಡವಾಗಿ ಬ್ರೇಕಿಗೆ ಹೋಗುತ್ತದೆ. 60 ಕಿಲೋಮೀಟರ್ ವೇಗದಲ್ಲಿ ಅರ್ಧ ಸೆಕೆಂಡ್ ತಡವೆಂದರೆ 8 ಮೀಟರ್, 80ರಲ್ಲಿ 11 ಮೀಟರ್. ಖಾಲಿ ರಸ್ತೆಯಲ್ಲಿ ಅದು ಗೊತ್ತೇ ಆಗುವುದಿಲ್ಲ; ಹಿಂದಿನ ದೀಪವಿಲ್ಲದ ಕಬ್ಬಿನ ಡಬ್ಬಿ ಕತ್ತಲಲ್ಲಿ ಎದುರಾದಾಗ ಆ 8 ಮೀಟರೇ ಜೀವ ತೆಗೆಯುತ್ತದೆ. ಜೊತೆಗೆ ಒಂದು ಕ್ವಾರ್ಟರ್ ಮದ್ಯ ಸೇರಿದರೆ ನಿಧಾನ ಹೊಡೆಯುವ ಎಚ್ಚರವೂ ಹೋಗುತ್ತದೆ. ಎರಡೂ ಸೇರಿದ್ದು, ಅಷ್ಟೇ ಪ್ರಮಾಣದ ಒಂದೊಂದಕ್ಕಿಂತ ಕೆಟ್ಟದ್ದು.

ಗಾಡಿ ಬಿಡುವ ಮುಂಚಿನ ಹತ್ತು ನಿಮಿಷ

ಈ ತಪಾಸಣೆಗೆ ಒಂದು ಪೂರ್ವಸಿದ್ಧತೆ ಬೇಕು, ಬಹಳ ಜನ ಬಿಡುವುದು ಅದನ್ನೇ. ಡ್ರೈವರ್ ಕೆಲಸಕ್ಕೆ ಸೇರಿದ ವಾರದಲ್ಲಿ, ಅವನು ಚೆನ್ನಾಗಿ ನಿದ್ದೆ ಮಾಡಿ ಬಂದ ಒಂದು ದಿನ ಕೆಳಗಿನ ಎಲ್ಲವನ್ನೂ ಮಾಡಿಸಿ, ಹೇಗೆ ಮಾಡಿದ ಎಂದು ಡೈರಿಯಲ್ಲಿ ಬರೆದಿಡಿ. ಮಂಡಿ ನೋವಿದ್ದವನು, ಸೊಂಟ ಹಿಡಿದವನು ಯಾವಾಗಲೂ ತೂಗಾಡುತ್ತಾನೆ. ಅವನನ್ನು ಅವನ ಒಳ್ಳೆಯ ದಿನದ ಜೊತೆಗೇ ಹೋಲಿಸಬೇಕು, ಪಕ್ಕದವನ ಜೊತೆಗಲ್ಲ.

ಎಂಜಿನ್ ಬಂದ್ ಇರಲಿ, ಕೀಲಿ ನಿಮ್ಮ ಕೈಯಲ್ಲಿರಲಿ, ಟ್ಯೂಬ್‌ಲೈಟ್ ಬೆಳಕು ಇರಲಿ. ಮೊದಲು ಎರಡು ನಿಮಿಷ ಮಾತು. "ಕಾಕಾ, ರಾತ್ರಿ ಎಷ್ಟ ತಾಸ ನಿದ್ದಿ ಆತ್ರಿ? ಯಾವ ಹಾದಿ ಹಿಡಿತೀರಿ? ನಿಪ್ಪಾಣಿ ಎಷ್ಟಕ್ಕ ಮುಟ್ಟಬಹುದು?" ಕೊನೆಯ ಪ್ರಶ್ನೆ ಮುಖ್ಯ. ಸಮಯ ಮತ್ತು ದೂರವನ್ನು ಜೋಡಿಸಿ ಹೇಳಬೇಕಾದಾಗ ನಶೆಯಲ್ಲಿರುವವನು ತಡವರಿಸುತ್ತಾನೆ, ವಾಕ್ಯದ ನಡುವೆ ಎಳೆ ತಪ್ಪುತ್ತದೆ, ಪ್ರಶ್ನೆಯನ್ನೇ ಮತ್ತೆ ಕೇಳುತ್ತಾನೆ. ಬಾಯಿ ಒಣಗಿ ನಾಲಿಗೆ ಅಂಟುವ ಸದ್ದು ಬರುತ್ತದೆ. ಕಣ್ಣು ಕೆಂಪಾದದ್ದನ್ನು ಮಾತ್ರ ಪೂರ್ತಿ ನಂಬಬೇಡಿ: ರಾತ್ರಿ ನಿದ್ದೆಗೆಟ್ಟವನ, ಆಲೆಮನೆ ಹೊಗೆಯಲ್ಲಿ ನಿಂತವನ, ಧೂಳಿನಲ್ಲಿ ಬಂದವನ ಕಣ್ಣೂ ಕೆಂಪೇ. ಬಟ್ಟೆಯ ವಾಸನೆ ಕಣ್ಣಿಗಿಂತ ನಂಬುವಂಥದ್ದು.

ಆಮೇಲೆ ಮೂವತ್ತು ಸೆಕೆಂಡಿನ ಪರೀಕ್ಷೆ. ಕಾಲು ಜೋಡಿಸಿ ನಿಂತು, ತಲೆ ಸ್ವಲ್ಪ ಹಿಂದಕ್ಕೆ ಬಾಗಿಸಿ, ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಎಣಿಸಿ 30 ಸೆಕೆಂಡ್ ಆಯಿತು ಅನ್ನಿಸಿದಾಗ "ಆತು" ಎನ್ನಬೇಕು. ನೀವು ಮೊಬೈಲಿನ ಸ್ಟಾಪ್‌ವಾಚ್ ಹಿಡಿದಿರಿ. 25ರಿಂದ 35ರೊಳಗೆ ಹೇಳಿದರೆ ಸರಿ. ತೀರ ಬೇಗ ಅಥವಾ 40, 45 ಆದ ಮೇಲೆ ಹೇಳಿದರೆ, ರೆಪ್ಪೆ ಅದುರುತ್ತಿದ್ದರೆ ಗಮನಿಸಿ. ಗಾಂಜಾ ಸಮಯದ ಅಂದಾಜನ್ನೇ ಕೆಡಿಸುವುದರಿಂದ ಮೂರರಲ್ಲಿ ನಾವು ಹೆಚ್ಚು ತೂಕ ಕೊಡುವುದು ಇದಕ್ಕೆ.

ಎರಡನೆಯದು ನಡಿಗೆ. ಸಮತಟ್ಟು ನೆಲದಲ್ಲಿ ಸುಣ್ಣದ ನೇರ ಗೆರೆ ಎಳೆದು, ಹಿಮ್ಮಡಿಗೆ ಬೆರಳು ತಾಗಿಸುತ್ತ 9 ಹೆಜ್ಜೆ, ತಿರುಗಿ ಮತ್ತೆ 9 ಹೆಜ್ಜೆ. ಹೇಗೆ ಮಾಡಬೇಕೆಂದು ಪೂರ್ತಿ ಹೇಳಿ ಮುಗಿಸಿ, ಒಮ್ಮೆ ಮಾಡಿ ತೋರಿಸಿ, ಆಮೇಲೆ ಬಿಡಿ. ಹೇಳುವ ಮೊದಲೇ ಹೊರಡುವುದು, ಎಣಿಕೆ ತಪ್ಪುವುದು, ಗೆರೆ ಬಿಡುವುದು, ಕೈ ಚಾಚುವುದು, ನಡುವೆ ನಿಲ್ಲುವುದು ತಪ್ಪುಗಳು, ಎರಡಾದರೆ ಅನುಮಾನ. ಮೂರನೆಯದು ಒಂಟಿಕಾಲು: ಇನ್ನೊಂದು ಪಾದ ನೆಲದಿಂದ ಒಂದು ಗೇಣಿಗಿಂತ ಕಡಿಮೆ, 15 ಸೆಂಟಿಮೀಟರಿನಷ್ಟು ಎತ್ತಿ 30 ಸೆಕೆಂಡ್. ಕಾಲು ಊರುವುದು, ಕುಪ್ಪಳಿಸುವುದು, ಕೈ ಚಾಚುವುದು, ತೂಗಾಡುವುದು, ಇವುಗಳಲ್ಲಿ ಎರಡು ಕಂಡರೆ ಅನುಮಾನ. ಚಪ್ಪಲಿ ಜಾರುವಂತಿದ್ದರೆ ಬಿಡಿಸಿ. 65 ದಾಟಿದವರಿಗೆ, ಕಿವಿ ಅಥವಾ ಕಾಲಿನ ತೊಂದರೆ ಇದ್ದವರಿಗೆ ಈ ಎರಡು ಬೇಡ.

ಇವು ಅಮೆರಿಕದ ಪೊಲೀಸರು ಬಳಸುವ ಪರೀಕ್ಷೆಗಳು; ನಡಿಗೆ, ಒಂಟಿಕಾಲು ಎರಡನ್ನು ಮೂಲತಃ ಕುಡಿದವರನ್ನು ಗುರುತಿಸಲು ರೂಪಿಸಿದ್ದು. ಗಾಂಜಾ ಹಿಡಿಯುವುದರಲ್ಲಿ ಅಷ್ಟು ಗಟ್ಟಿಯಲ್ಲ. ಆದ್ದರಿಂದ ಇದನ್ನು ಸಾಕ್ಷಿಯಾಗಿ ಬಳಸಬೇಡಿ, "ನೀ ಸೇದೀದಿ" ಎಂದು ಆರೋಪಿಸಬೇಡಿ. ಸಕ್ಕರೆ ಕಾಯಿಲೆಯವನಿಗೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೂ ಮಾತು ತೊದಲುತ್ತದೆ, ಕೈ ನಡುಗುತ್ತದೆ. ಎರಡು ರಾತ್ರಿ ನಿದ್ದೆ ಇಲ್ಲದವನೂ ಹಾಗೇ ಕಾಣುತ್ತಾನೆ. ಕಾರಣ ಏನೇ ಇರಲಿ, ನಿಮ್ಮ ತೀರ್ಮಾನ ಒಂದೇ: ಇವತ್ತು ಈ ಮನುಷ್ಯ ಗಾಡಿ ಓಡಿಸುವುದಿಲ್ಲ. ಕ್ಲೀನರ್ ಕೈಗೂ ಕೊಡಬೇಡಿ. ಸೇದುವವರು ಹೆಚ್ಚಾಗಿ ಜೊತೆಗೇ ಸೇದಿರುತ್ತಾರೆ, ಅವನ ಹತ್ತಿರ ಲೈಸೆನ್ಸ್ ಇಲ್ಲದಿದ್ದರೆ ಅದು ಬೇರೆಯೇ ಅಪರಾಧ.

ಬೆಳಿಗ್ಗೆಯ ತಪಾಸಣೆ ಒಂದರಿಂದ ಕೆಲಸ ಮುಗಿಯುವುದಿಲ್ಲ. ಕಬ್ಬಿನ ಗಾಡಿಗಳು ಕಾರ್ಖಾನೆಯ ಯಾರ್ಡಿನಲ್ಲಿ ಪಾಳಿ ಹಚ್ಚಿ ತಾಸುಗಟ್ಟಲೆ ನಿಲ್ಲುತ್ತವೆ. ಚಿಲುಮೆ ಹೊರಬರುವುದು ಅಲ್ಲಿ. ಲೋಡ್ ಇಳಿಸಿದ ಮೇಲೆ, ಖಾಲಿ ಡಬ್ಬಿ ಹೊರಡುವ ಮುಂಚೆ, ಯಾರ್ಡಿನಲ್ಲಿರುವ ಮುಕಾದಮನಿಂದ ಇನ್ನೊಮ್ಮೆ ಮಾತಿನ ಮತ್ತು 30 ಸೆಕೆಂಡಿನ ಪರೀಕ್ಷೆ ಮಾಡಿಸಿ. ಉದ್ದ ಪ್ರಯಾಣದ ಲಾರಿಯಾದರೆ ಧಾಬಾ ನಿಲುಗಡೆಯ ನಂತರ ವಿಡಿಯೊ ಕರೆಯಲ್ಲಿ ಇದನ್ನೇ ಮಾಡಿಸಬಹುದು.

ಮೂತ್ರದ ಕಿಟ್ ಹೇಳುವುದು, ಹೇಳದಿರುವುದು

ಔಷಧ ಅಂಗಡಿಯಲ್ಲಿ, ಆನ್‌ಲೈನ್‌ನಲ್ಲಿ ಸಿಗುವ ಪರೀಕ್ಷೆಯ ಪಟ್ಟಿಗಳು (ಸ್ಟ್ರಿಪ್) ಸಾಮಾನ್ಯವಾಗಿ ಒಂದು ಮಿಲಿ ಮೂತ್ರದಲ್ಲಿ 50 ನ್ಯಾನೊಗ್ರಾಂ ಗೆರೆ ಇಟ್ಟುಕೊಂಡಿರುತ್ತವೆ. ಅವು ಹುಡುಕುವುದು ನಶೆ ತರುವ ಟಿಎಚ್‌ಸಿಯನ್ನಲ್ಲ, ಅದು ಕರಗಿದ ಮೇಲೆ ಉಳಿಯುವ ಅಂಶವನ್ನು. ಒಮ್ಮೆ ಸೇದಿದವನಲ್ಲಿ ಸುಮಾರು 3 ದಿನ, ದಿನಾ ಸೇದುವವನಲ್ಲಿ ತಿಂಗಳ ತನಕ ಪಾಸಿಟಿವ್ ಬರಬಹುದು. ಈಗಷ್ಟೇ ಮೊದಲ ಸಲ ಸೇದಿ ಬಂದವನಲ್ಲಿ ನೆಗೆಟಿವ್ ಬರಬಹುದು, ಅಂಶ ಮೂತ್ರಕ್ಕೆ ಇಳಿಯಲು ಹೊತ್ತು ಬೇಕು. ಹಾಗಾಗಿ ಕೆಲಸಕ್ಕೆ ಸೇರಿಸುವಾಗ, ಚಿಕಿತ್ಸೆಯಲ್ಲಿರುವವನ ಪ್ರಗತಿ ನೋಡುವಾಗ ಇದನ್ನು ಬಳಸಿ; ಇವತ್ತು ಗಾಡಿ ಕೊಡಬಹುದೇ ಎನ್ನುವುದಕ್ಕೆ ಬೇಡ. ಬಳಸುವ ಮುಂಚೆ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ಮಾದರಿ ಕೊಟ್ಟ 4 ನಿಮಿಷದೊಳಗೆ ಬಾಟಲಿ 32ರಿಂದ 38 ಡಿಗ್ರಿ ಬಿಸಿ ಇರಬೇಕು; ತಣ್ಣಗಿದ್ದರೆ ಅದು ಅವನದಲ್ಲ, ಇಲ್ಲವೇ ನೀರು ಬೆರೆಸಿದ್ದು. ಪಟ್ಟಿಯ ಫಲಿತಾಂಶ ಲ್ಯಾಬಿನಲ್ಲಿ ಖಚಿತವಾಗದೆ ಯಾರನ್ನೂ ಕೆಲಸದಿಂದ ತೆಗೆಯಬೇಡಿ.

ಸಿಕ್ಕಿಬಿದ್ದ ಮೇಲೆ

ಮೊದಲ ಸಲಕ್ಕೇ ಕೆಲಸದಿಂದ ಕಿತ್ತೊಗೆಯುವ ಮಾಲೀಕರಿಗೆ ಆಗುವುದು ಇಷ್ಟು: ಉಳಿದ ಡ್ರೈವರುಗಳು ಬಚ್ಚಿಡಲು ಕಲಿಯುತ್ತಾರೆ, ಹೋದವನು ಪಕ್ಕದ ಊರಿನ ಗಾಡಿ ಹತ್ತಿ ಅದೇ ರಸ್ತೆಯಲ್ಲಿ ಎದುರು ಬರುತ್ತಾನೆ. ಒಳ್ಳೆಯ ನಿಯಮ ಹೀಗಿರಲಿ: ಗಾಡಿ ಹತ್ತುವ ಮುಂಚೆ ತಾನಾಗಿ "ಇವತ್ತ ಬ್ಯಾಡ್ರಿ ಮಾಲಕ್ರ" ಎಂದವನಿಗೆ ಆ ದಿನದ ಪಗಾರ ಕಡಿತ, ಬೇರೆ ಶಿಕ್ಷೆ ಇಲ್ಲ. ಬಚ್ಚಿಟ್ಟು ಓಡಿಸಿದವನಿಗೆ ಗಾಡಿ ಇಲ್ಲ.

ದಿನಾ ಸೇದುವವನು ಬಿಟ್ಟಾಗ ಮೊದಲ ವಾರ ಕಷ್ಟದ್ದು. ನಿದ್ದೆ ಬರುವುದಿಲ್ಲ, ಸಿಟ್ಟು, ಬೆವರು, ಊಟ ಸೇರುವುದಿಲ್ಲ. ಎರಡನೇ ದಿನದಿಂದ ಆರನೇ ದಿನದವರೆಗೆ ಜೋರು, ಎರಡು ವಾರದ ಹೊತ್ತಿಗೆ ಇಳಿಯುತ್ತದೆ. ಈ ದಿನಗಳಲ್ಲಿ ಅವನನ್ನು ರಾತ್ರಿ ಗಾಡಿಗೆ ಹಾಕಬೇಡಿ. ನಶೆ ಇಲ್ಲದಿದ್ದರೂ ನಿದ್ದೆಗೇಡಿಯಾಗಿರುತ್ತಾನೆ. ಲೋಡಿಂಗ್ ನೋಡಿಕೊಳ್ಳುವುದು, ಗ್ಯಾರೇಜ್ ಕೆಲಸ ಕೊಡಿ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಕರೆದೊಯ್ಯಿರಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಕೂಡ ಹತ್ತಿರದ್ದೇ. ಫೋನಿನಲ್ಲಿ ಮಾತಾಡಲು ಟೆಲಿ ಮಾನಸ್ 14416, ವ್ಯಸನ ಬಿಡಿಸುವ ಸಹಾಯವಾಣಿ 14446. ತಾನಾಗಿ ಚಿಕಿತ್ಸೆಗೆ ಹೋದ ವ್ಯಸನಿಗೆ ಸೇವನೆಯ ಕೇಸಿನಿಂದ, ಸಣ್ಣ ಪ್ರಮಾಣದ ಕೇಸಿನಿಂದ ಎನ್‌ಡಿಪಿಎಸ್ ಕಲಂ 64ಎ ರಕ್ಷಣೆ ಕೊಡುತ್ತದೆ. ಇದನ್ನು ಡ್ರೈವರುಗಳಿಗೆ ಹೇಳಿ. ಪೊಲೀಸರ ಹೆದರಿಕೆಗೇ ಎಷ್ಟೋ ಜನ ಆಸ್ಪತ್ರೆ ಮೆಟ್ಟಿಲು ಹತ್ತುವುದಿಲ್ಲ.

ಮೈಕೈ ನೋವಿಗೆ, ಹೊತ್ತಲ್ಲದ ಹೊತ್ತಿನಲ್ಲಿ ನಿದ್ದೆ ಬರಿಸಲು ಸೇದುವವರು ಬಹಳ. ಐದು ಅಥವಾ ಹೆಚ್ಚು ಕೆಲಸಗಾರರಿರುವ ಸಾರಿಗೆ ಸಂಸ್ಥೆಗೆ, 2025ರ ತನಕ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ತಾಸು, ವಾರಕ್ಕೆ 48 ತಾಸು ಎಂದು ಗೆರೆ ಹಾಕಿತ್ತು. ಹದಿನಾರು ತಾಸು ಓಡಿಸಿಕೊಂಡು ಚಿಲುಮೆ ಬಿಡು ಎಂದರೆ ಯಾರೂ ಬಿಡುವುದಿಲ್ಲ.

ಲೋಡಿನಲ್ಲಿ ಸಿಕ್ಕರೆ

ಗಾಡಿಯಲ್ಲಿ ಗಾಂಜಾ ಸಾಗಿಸಿದರೆ ಎನ್‌ಡಿಪಿಎಸ್ ಕಲಂ 60ರಡಿ ಗಾಡಿಯೇ ಜಪ್ತಿಯಾಗುತ್ತದೆ. ತನಗೆ ಗೊತ್ತಿರಲಿಲ್ಲ, ತಾನೂ ತನ್ನ ಡ್ರೈವರೂ ಎಚ್ಚರಿಕೆ ವಹಿಸಿದ್ದೆವು ಎಂದು ಮಾಲೀಕನೇ ತೋರಿಸಬೇಕು. ತೋರಿಸಲು ಕಾಗದ ಬೇಕು: ಲೋಡಿನ ಬಿಲ್ಲು, ತಾಡಪತ್ರಿ ಕಟ್ಟುವ ಮುಂಚಿನ ಫೋಟೊ, ಡ್ರೈವರ್ ಸಹಿ ಹಾಕಿದ ನಿಯಮದ ಪತ್ರ, ಟ್ರಿಪ್ ಡೈರಿ. ಅನುಮಾನದ ಗಂಟು ಕಂಡರೆ ಮುಟ್ಟಬೇಡಿ, ಎಸೆಯಬೇಡಿ, ನೀವೇ ಹೊತ್ತು ಠಾಣೆಗೆ ಹೋಗಬೇಡಿ. ಇದ್ದಲ್ಲೇ ಬಿಟ್ಟು 112ಕ್ಕೆ ಅಥವಾ ಮಾದಕ ವಸ್ತು ಮಾಹಿತಿಯ 1933ಕ್ಕೆ ಕರೆ ಮಾಡಿ, ಸಮಯ ಬರೆದುಕೊಳ್ಳಿ.

ಅಪಘಾತವಾದರೆ

ಮೊದಲು 108ಕ್ಕೆ, ಹೆದ್ದಾರಿಯಲ್ಲಾದರೆ 1033ಕ್ಕೂ ಕರೆ. ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ಮಾಡುವುದು ಮೋಟಾರು ವಾಹನ ಕಾಯ್ದೆಯ ಕಲಂ 134ರಂತೆ ಚಾಲಕನ ಕರ್ತವ್ಯ, ಓಡಿಹೋಗುವಂತಿಲ್ಲ. ಆಮೇಲೆ ಇನ್ಶೂರನ್ಸ್ ವಿಷಯ: ಸ್ವಂತ ಗಾಡಿಯ ಹಾನಿಯ ಪಾಲಿಸಿಯಲ್ಲಿ ಮದ್ಯ ಅಥವಾ ಮಾದಕದ ಪ್ರಭಾವದಲ್ಲಿ ಓಡಿಸಿದ್ದರೆ ಹಣ ಕೊಡುವುದಿಲ್ಲ ಎಂಬ ಷರತ್ತು ಇರುತ್ತದೆ. ನಿಮ್ಮ ಡ್ರೈವರ್ ಸ್ವಚ್ಛವಾಗಿದ್ದರೆ ಅದನ್ನು ತೋರಿಸುವುದೂ ನಿಮ್ಮ ಹಿತವೇ, ಎದುರಿನವನು ನಶೆಯಲ್ಲಿದ್ದರೆ ಅದೂ ದಾಖಲಾಗಬೇಕು.

ಇಲ್ಲಿ ಕೈತಪ್ಪುವುದು ರಕ್ತದ ಮಾದರಿ. ಅಪಘಾತದ ನಂತರ ಊದಿಸಿ ನೋಡಿ, ಸೊನ್ನೆ ಬಂತೆಂದು ಬಿಟ್ಟರೆ ಗಾಂಜಾದ ಸುಳಿವೇ ಉಳಿಯುವುದಿಲ್ಲ. ಕಲಂ 185ರಡಿ ಬಂಧಿಸಿದವನ ವೈದ್ಯಕೀಯ ಪರೀಕ್ಷೆ 2 ತಾಸಿನೊಳಗೆ ಆಗಬೇಕು ಎಂದು ಕಲಂ 202 ಹೇಳುತ್ತದೆ. ಟಿಎಚ್‌ಸಿ ರಕ್ತದಿಂದ ಇಳಿದುಹೋಗುವ ಹೊತ್ತೂ ಹೆಚ್ಚು ಕಡಿಮೆ ಅಷ್ಟೇ. ಪೊಲೀಸರು ಆಸ್ಪತ್ರೆಗೆ ಕೊಡುವ ಪತ್ರದಲ್ಲಿ "ಮದ್ಯ" ಎಂದಷ್ಟೇ ಇದ್ದರೆ ಲ್ಯಾಬಿನಲ್ಲಿ ಮದ್ಯವನ್ನಷ್ಟೇ ನೋಡುತ್ತಾರೆ. "ಮದ್ಯ ಮತ್ತು ಮಾದಕ ವಸ್ತು" ಎಂದು ಬರೆಯುವಂತೆ ವಿನಂತಿಸಿ. ಸೋಡಿಯಂ ಫ್ಲೋರೈಡ್ ಇರುವ ಬೂದು ಮುಚ್ಚಳದ ನಳಿಕೆಯಲ್ಲಿ ರಕ್ತ ತೆಗೆದು, ಸೀಲು ಹಾಕಿ, ತೆಗೆದ ಗಂಟೆ ನಿಮಿಷ ಬರೆದು, ಲ್ಯಾಬಿಗೆ ಹೋಗುವ ತನಕ ಫ್ರಿಜ್ಜಿನಲ್ಲಿ ಇಡಬೇಕು. ಅಪಘಾತವಾದ ಹೊತ್ತು, ಮಾದರಿ ತೆಗೆದ ಹೊತ್ತು ಎರಡನ್ನೂ ನಿಮ್ಮ ಟ್ರಿಪ್ ಡೈರಿಯಲ್ಲೂ ಅವತ್ತೇ ಬರೆದಿಡಿ.